ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆ ನಮ್ಮ ಮನೆಯಲ್ಲಿ ಮೊದಲು ಎದ್ದಿದ್ದು ಅಡುಗೆಮನೆಯಲ್ಲಿ. ತಂಗಿಯ ಬಾಣಂತನಕ್ಕೆಂದು ಅಮ್ಮ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ಗೆ ಹೊರಟಿದ್ದರು. ಅಂಟಿನುಂಡೆ ಡಬ್ಬಕ್ಕೆ ತುಂಬುತ್ತಾ, "ಎಷ್ಟು ದೂರ ಆಗುತ್ತೋ ಅದು?" ಅಂದರು. ನಾನು ಫೋನ್ ನೋಡಿ ಹದಿನಾಲ್ಕು ಸಾವಿರ ಕಿಲೋಮೀಟರ್ ಅಂದೆ. ಅತ್ತ ವಿಡಿಯೋದಲ್ಲಿದ್ದ ತಂಗಿ, "ಇಲ್ಲ ಕಣೋ, ನಾನು ಬಂದ ವಿಮಾನದ ಪರದೆಯಲ್ಲಿ ಹದಿನೈದು ಸಾವಿರದ ಹತ್ತಿರ ಇತ್ತು" ಅಂದಳು. ಅಮ್ಮನ ಟಿಕೆಟ್ ಇದ್ದದ್ದು ಫ್ರಾಂಕ್‌ಫರ್ಟ್ ಮೇಲೆ. ಅದನ್ನು ಕೂಡಿಸಿದರೆ ಹದಿನಾರೂವರೆ ಸಾವಿರ. ಮೂರು ಜನ, ಮೂರು ಲೆಕ್ಕ, ಮೂರೂ ಸರಿ. ಅಲ್ಲಿಂದ ಈಚೆಗೆ ನೆಂಟರು, ನೆರೆಯವರು, ಅವರ ಮಕ್ಕಳು ಕೇಳುತ್ತಲೇ ಬಂದ ಪ್ರಶ್ನೆಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಸುತ್ತಿಬಳಸದೆ ಹೇಳಿ: ಎಷ್ಟು ದೂರ?

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಭೂಮಿಯ ಮೇಲ್ಮೈ ಹಿಡಿದು ಅಳೆದರೆ, ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಮೈಲಿಯಲ್ಲಿ 8,700. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ 7,550ರ ಆಸುಪಾಸು.

ಒಂದು ತಾಣದಲ್ಲಿ 13,988 ಅಂತಿದೆ, ಇನ್ನೊಂದರಲ್ಲಿ 14,003. ಯಾವುದು ನಿಜ?

ಭೂಮಿಯನ್ನು ಚೆಂಡಿನಂತೆ ಪೂರಾ ದುಂಡಗೆ ಎಂದುಕೊಂಡರೆ (ತ್ರಿಜ್ಯ 6,371 ಕಿ.ಮೀ.) ಮೊದಲನೆಯ ಉತ್ತರ ಬರುತ್ತದೆ. ನಿಜದಲ್ಲಿ ಭೂಮಿ ನಡು ದಪ್ಪ, ತಲೆ ಚಪ್ಪಟೆ. ಸಮಭಾಜಕದ ಬಳಿ ತ್ರಿಜ್ಯ 6,378, ಧ್ರುವಗಳ ಬಳಿ 6,357 ಕಿ.ಮೀ. ಆ ಉಬ್ಬನ್ನೂ ಲೆಕ್ಕಕ್ಕೆ ಹಿಡಿದರೆ ಹತ್ತು-ಹದಿನೈದು ಕಿ.ಮೀ. ಹೆಚ್ಚು ಕಡಿಮೆ ಆಗುತ್ತದೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇಳಿಯುವ ಮುಂಚೆ ಜಾಗ ಸಿಗದೆ ಒಂದು ಸುತ್ತು ಹೊಡೆದರೆ ವಿಮಾನ ಅದಕ್ಕಿಂತ ಜಾಸ್ತಿ ಹಾರಿರುತ್ತದೆ.

ಅಮೆರಿಕ ಇರುವುದು ಪಶ್ಚಿಮಕ್ಕೆ. ವಿಮಾನ ಉತ್ತರಕ್ಕೋ ಪೂರ್ವಕ್ಕೋ ಹೋಗುತ್ತದಲ್ಲ, ಯಾಕೆ?

ಶಾಲೆಯ ಗೋಡೆಯ ನಕ್ಷೆ ನಮ್ಮ ಕಣ್ಣಿಗೆ ಮಾಡಿದ ಮೋಸ ಇದು. ಆ ನಕ್ಷೆಯಲ್ಲಿ ಅಮೆರಿಕ ಎಡಕ್ಕಿದೆ, ನಾವು ಬಲಕ್ಕಿದ್ದೇವೆ, ಆದ್ದರಿಂದ ಎಡಕ್ಕೆ ಹೋಗಬೇಕು ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಬೆಂಗಳೂರು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ 122.4 ಡಿಗ್ರಿ ಪಶ್ಚಿಮದಲ್ಲಿ. ಪಶ್ಚಿಮಕ್ಕೆ ಸುತ್ತಿದರೆ 200 ಡಿಗ್ರಿ, ಪೂರ್ವಕ್ಕೆ ಸುತ್ತಿದರೆ 160. ಅಂದರೆ ಕ್ಯಾಲಿಫೋರ್ನಿಯಾ ನಮಗೆ ಪೂರ್ವದ ಕಡೆಯಿಂದಲೇ ಹತ್ತಿರ! ಇನ್ನು 160 ಅಂದರೆ ಹೆಚ್ಚುಕಡಿಮೆ ಭೂಮಿಯ ಆಚೆ ಮಗ್ಗುಲು. ಆಚೆ ಮಗ್ಗುಲಿಗೆ ಹೋಗಲು ಹೊಟ್ಟೆ ಸುತ್ತಿ ಹೋಗುವುದಕ್ಕಿಂತ ತಲೆ ಮೇಲಿಂದ ದಾಟುವುದು ಸಮೀಪ.

ನಂಬಿಕೆ ಬರದಿದ್ದರೆ ಒಂದು ಗ್ಲೋಬ್, ಒಂದು ತುಂಡು ದಾರ ತನ್ನಿ. ನಾನು ಅಮ್ಮನಿಗೆ ತೋರಿಸಿದ್ದು ಹೀಗೆಯೇ. ನಮ್ಮ ಮನೆಯ ಗ್ಲೋಬ್‌ನ ಅಡ್ಡಳತೆ 30 ಸೆಂ.ಮೀ.; ಅದರ ಮೇಲೆ ಒಂದು ಸೆಂಟಿಮೀಟರ್ ಅಂದರೆ ಸುಮಾರು 425 ಕಿ.ಮೀ. ಬೆಂಗಳೂರಿನ ಮೇಲೆ ದಾರದ ಒಂದು ತುದಿ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆದರೆ, ದಾರ ತಾನೇ ಜಾರಿ ಮೇಲಕ್ಕೆ ಹೋಗಿ ಕೂರುತ್ತದೆ. ನೀವು ಪೆಸಿಫಿಕ್ ಸಾಗರದ ನಡುವೆ ಇಡಲು ನೋಡಿದರೂ ನಿಲ್ಲುವುದಿಲ್ಲ, ಸಡಿಲವಾಗುತ್ತದೆ. ಬಿಗಿಯಾದ ದಾರದ ಉದ್ದ 33 ಸೆಂ.ಮೀ. ಗುಣಿಸಿ ನೋಡಿ, ಹದಿನಾಲ್ಕು ಸಾವಿರ.

ಆ ದಾರ ಹೋಗುವ ಊರುಗಳನ್ನು ನೋಡಿದರೆ ಅಚ್ಚರಿ. ಬೆಂಗಳೂರಿನಿಂದ ಉತ್ತರಕ್ಕೆ ಹೊರಟು ಚೂರು ಪೂರ್ವಕ್ಕೆ ವಾಲುತ್ತದೆ. ತೆಲಂಗಾಣ, ಛತ್ತೀಸಗಢದ ಕಡೆಯಿಂದ ಹಾದು, ಉತ್ತರ ಪ್ರದೇಶದ ಗೋರಖ್‌ಪುರದ ಹತ್ತಿರ ಸಾಗಿ ನೇಪಾಳ ದಾಟುತ್ತದೆ. ಆಮೇಲೆ ಟಿಬೆಟ್, ಮಂಗೋಲಿಯಾದ ಅಂಚು, ಸೈಬೀರಿಯಾ. ರಷ್ಯಾದ ಈಶಾನ್ಯ ಮೂಲೆಯಲ್ಲಿ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ, ಅಲ್ಲಿಂದ ಅಲಾಸ್ಕಾ ಅಡ್ಡ ಹಾಯ್ದು, ಕೊನೆಗೆ ಕರಾವಳಿಗುಂಟ ಕೆಳಗಿಳಿಯುತ್ತದೆ. ಇದಕ್ಕೆ ಗಣಿತದಲ್ಲಿ ಮಹಾವೃತ್ತದ ದಾರಿ ಎನ್ನುತ್ತಾರೆ. ಪೆಸಿಫಿಕ್ ನಡುವೆ ಬರುವಂಥ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಪೂರ್ವಕ್ಕೆ ಎಳೆದ ನೇರ ಗೆರೆಯ ಮೇಲೆಯೇ ಹಾರಿದರೆ 16,100 ಕಿ.ಮೀ. ಆಗುತ್ತದೆ. ಗೆರೆ ನೇರ, ದಾರಿ ಎರಡು ಸಾವಿರ ಕಿ.ಮೀ. ಸುತ್ತು.

ಹಾಗಾದರೆ ವಿಮಾನ ಆ ದಾರದ ಮೇಲೆಯೇ ಹೋಗುತ್ತದೆಯೇ?

ಇಲ್ಲ. ದಾರಕ್ಕೆ ಗುಡ್ಡವಿಲ್ಲ, ಗಾಳಿಯಿಲ್ಲ, ಗಡಿಯಿಲ್ಲ. ವಿಮಾನಕ್ಕೆ ಮೂರೂ ಇವೆ.

ಮೊದಲು ಗುಡ್ಡ. ವಿಮಾನ ಹಾರುವುದು ಹತ್ತು-ಹನ್ನೊಂದು ಕಿ.ಮೀ. ಎತ್ತರದಲ್ಲಿ, ಎವರೆಸ್ಟ್ ಇರುವುದು 8.8ರಲ್ಲಿ, ಹಾಗಿದ್ದೂ ಟಿಬೆಟ್ ಎಂದರೆ ವಿಮಾನ ಸಂಸ್ಥೆಗಳು ದೂರ ಸರಿಯುವುದು ಏಕೆ? ಒಳಗಿನ ಗಾಳಿಯ ಒತ್ತಡ ಆಕಸ್ಮಾತ್ ಹೋದರೆ ತಲೆ ಮೇಲಿಂದ ಹಳದಿ ಮುಖವಾಡ ಕೆಳಗೆ ಬೀಳುತ್ತದೆ ಎಂದು ಗಗನಸಖಿ ಪ್ರತಿ ಸಲ ತೋರಿಸುತ್ತಾಳಲ್ಲ, ಆ ಮುಖವಾಡದಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸು. ಅಷ್ಟರೊಳಗೆ ಪೈಲಟ್ ವಿಮಾನವನ್ನು ಮೂರು ಕಿ.ಮೀ. ಎತ್ತರಕ್ಕೆ, ಜನ ತಾವಾಗಿ ಉಸಿರಾಡಬಲ್ಲ ಜಾಗಕ್ಕೆ ಇಳಿಸಬೇಕು. ಟಿಬೆಟ್‌ನ ನೆಲವೇ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಇಳಿಯುವುದು ಎಲ್ಲಿಗೆ? ಅಡ್ಡ ಬರುವುದು ಶಿಖರವಲ್ಲ, ಪ್ರಸ್ಥಭೂಮಿ. ಅಮ್ಮನಿಗೆ ಇಡೀ ಪ್ರಯಾಣದಲ್ಲಿ ಅತಿ ಇಷ್ಟವಾದ ವಿಷಯ ಇದು. ಹೋದಲ್ಲೆಲ್ಲ ಹೇಳುತ್ತಿರುತ್ತಾರೆ.

ಎರಡನೆಯದು ಗಾಳಿ. ಅದರ ಕಥೆ ಮುಂದೆ ಬರುತ್ತದೆ.

ಮೂರನೆಯದು ಗಡಿ. ಯಾರ ನೆಲದ ಮೇಲೆ ಯಾರು ಹಾರಬಹುದು ಎನ್ನುವುದು ರಾಜಕೀಯ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ಮತ್ತು ಯುರೋಪ್ ಒಕ್ಕೂಟದ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ವಿಮಾನಗಳಿಗೆ ತೆರೆದೇ ಇತ್ತು. ಆದರೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದಿಲ್ಲಿಯಿಂದ ಪಶ್ಚಿಮಕ್ಕೆ ಹೊರಡುವವರು ಗುಜರಾತ್ ಕಡೆಯಿಂದ ಅರಬ್ಬಿ ಸಮುದ್ರಕ್ಕೆ ಸುತ್ತು ಹಾಕಬೇಕಾಯಿತು. ಎರಡು ನಿಲ್ದಾಣಗಳ ನಡುವಿನ ದೂರ ಒಂದಿಂಚೂ ಬದಲಾಗಲಿಲ್ಲ, ಹಾರುವ ದೂರ ಬದಲಾಯಿತು.

ಇವೆಲ್ಲ ಸೇರಿ, ಬೆಂಗಳೂರಿನಿಂದ ಹೊರಟ ನಾನ್‌ಸ್ಟಾಪ್ ವಿಮಾನ ಬಹಳ ಸಲ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್ ಹಾದು ಪೆಸಿಫಿಕ್ ದಾಟುತ್ತದೆ. ಟೋಕಿಯೋ ಸಮೀಪದಿಂದ ಹಾದರೆ ಸುಮಾರು 15,000 ಕಿ.ಮೀ. ತಂಗಿ ಪರದೆಯಲ್ಲಿ ಕಂಡ ಸಂಖ್ಯೆ ಇದೇ.

ಉತ್ತರ ಧ್ರುವದ ಮೇಲೆ ಹೋಗುತ್ತದೆ ಅಂತಾರಲ್ಲ, ಅದು ನಿಜವೇ?

ನಿಜ, ಆದರೆ ದಿನಾ ಅಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗದ ಮೊದಲ ನೇರ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹಾರಿಸಿದಾಗ, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳತ್ವ. ವಿಮಾನ ಬೋಯಿಂಗ್ 777-200 ಎಲ್ಆರ್. ಧ್ರುವದ ಮೇಲಿಂದ ಬಂದು, ಹದಿನೇಳು ಗಂಟೆಗೂ ಮೇಲೆ ಹಾರಿ, ದೇವನಹಳ್ಳಿಯಲ್ಲಿ ಬೆಳಗಿನ ಜಾವ ಇಳಿಯಿತು. ಆಗ ಅದು ಭಾರತದ ಯಾವುದೇ ಊರಿಗಿದ್ದ ಅತಿ ಉದ್ದದ ನಾನ್‌ಸ್ಟಾಪ್ ಹಾರಾಟ.

ಧ್ರುವದ ಮೇಲಿಂದಲೇ ಹೋದರೆ ಎಷ್ಟು ಸುತ್ತು ಎಂದು ಲೆಕ್ಕ ಹಾಕುವುದು ಬಲು ಸುಲಭ. ಬೆಂಗಳೂರು 13.2 ಡಿಗ್ರಿ ಉತ್ತರ. ಅಲ್ಲಿಂದ ಧ್ರುವಕ್ಕೆ 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ 37.6, ಧ್ರುವದಿಂದ ಅಲ್ಲಿಗೆ 52.4. ಕೂಡಿದರೆ 129.2 ಡಿಗ್ರಿ, ಅಂದರೆ ಸುಮಾರು 14,370 ಕಿ.ಮೀ. ಅತಿ ಹತ್ತಿರದ ದಾರಿಗಿಂತ ನಾನೂರು ಕಿ.ಮೀ.ಗಿಂತಲೂ ಕಡಿಮೆ ವ್ಯತ್ಯಾಸ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು. ಆ ದಿನದ ಗಾಳಿ ಅನುಕೂಲವಿದ್ದರೆ ಅದೇ ಲಾಭ.

ಅಲ್ಲಿ ಬೇರೆ ತಲೆನೋವುಗಳಿವೆ. ಕಾಂತೀಯ ದಿಕ್ಸೂಚಿ ಅಲ್ಲಿ ನಂಬುವಂತಿಲ್ಲ, ಬೇರೆ ಉಪಕರಣಗಳ ಮೇಲೆ ಹೋಗಬೇಕು. ಹೊರಗೆ ಮೈನಸ್ 60ಕ್ಕೂ ಕೆಳಗೆ ಇಳಿಯಬಹುದು. ಜೆಟ್ ಎ-1 ಇಂಧನ ಮೈನಸ್ 47ರಲ್ಲಿ ಗಟ್ಟಿಯಾಗತೊಡಗುತ್ತದೆ. ಆದ್ದರಿಂದ ಟ್ಯಾಂಕಿನೊಳಗಿನ ಇಂಧನದ ಉಷ್ಣತೆಯ ಮೇಲೆ ಪೈಲಟ್‌ಗಳ ಕಣ್ಣು ಸದಾ ಇರುತ್ತದೆ. ತೀರಾ ತಣ್ಣಗಾದರೆ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ಉದ್ದದ ದಾರಿ ಹಿಡಿದು ಬೇಗ ತಲುಪುವುದು ಹೇಗೆ ಸಾಧ್ಯ?

ಇದಕ್ಕೆ ನಮ್ಮ ದೇಶದ್ದೇ ಒಂದು ಸೊಗಸಾದ ಉದಾಹರಣೆ ಇದೆ. ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ ಶುರುವಾಗಿದ್ದು 2015ರ ಡಿಸೆಂಬರ್‌ನಲ್ಲಿ. ಆಗ ಅದು ಅಟ್ಲಾಂಟಿಕ್ ದಾರಿಯಲ್ಲಿ, ಸುಮಾರು 13,900 ಕಿ.ಮೀ. ಹಾರುತ್ತಿತ್ತು. ಮುಕ್ಕಾಲು ದಾರಿ ಎದುರುಗಾಳಿ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಹೋಗುವ ದಾರಿಯನ್ನು ಪೆಸಿಫಿಕ್ ಕಡೆಗೆ ತಿರುಗಿಸಿತು. ದೂರ 15,300 ಕಿ.ಮೀ. ಆಯಿತು, ಆವತ್ತಿನ ಮಟ್ಟಿಗೆ ಜಗತ್ತಿನಲ್ಲೇ ಅತಿ ಹೆಚ್ಚು ದೂರ ಹಾರಿದ ನಾನ್‌ಸ್ಟಾಪ್ ಪ್ರಯಾಣಿಕ ಸೇವೆ. ತಲುಪಲು ಹಿಡಿದ ಸಮಯ? ಹದಿನಾಲ್ಕೂವರೆ ಗಂಟೆ. ದಾರಿ 1,400 ಕಿ.ಮೀ. ಹೆಚ್ಚು, ಸಮಯ ಸುಮಾರು ಎರಡು ಗಂಟೆ ಕಡಿಮೆ.

ಕಾರಣ ಜೆಟ್ ಸ್ಟ್ರೀಮ್. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ. ಚಳಿಗಾಲದಲ್ಲಿ ಜಪಾನ್ ಆಚೆಯ ಪೆಸಿಫಿಕ್ ಮೇಲೆ ಇದರ ವೇಗ ಗಂಟೆಗೆ 300 ಕಿ.ಮೀ. ದಾಟುವುದುಂಟು. ತನ್ನ ಪಾಡಿಗೆ 900ರಲ್ಲಿ ಹಾರುವ ವಿಮಾನಕ್ಕೆ ಬೆನ್ನಿಂದ 150 ಸೇರಿದರೂ ನೆಲದ ಲೆಕ್ಕದಲ್ಲಿ 1,050. ಎದುರಿನಿಂದ 150 ಬಂದರೆ 750. ತುಂಬಿದ ತುಂಗೆಯಲ್ಲಿ ತೆಪ್ಪ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಗಲು ಎಷ್ಟು ಗಂಟೆ? ಬರಲು ಎಷ್ಟು?

ನಾನ್‌ಸ್ಟಾಪ್ ಆದರೆ ಹೋಗುವಾಗ ಹದಿನಾರರ ಆಸುಪಾಸು, ಬರುವಾಗ ಹದಿನೇಳು-ಹದಿನೆಂಟು. ಚಳಿಗಾಲದಲ್ಲಿ ವ್ಯತ್ಯಾಸ ಇನ್ನಷ್ಟು. ಒಂದು ನಿಲುಗಡೆ ಇದ್ದರೆ, ಕಾಯುವ ಹೊತ್ತೂ ಸೇರಿ ಇಪ್ಪತ್ತರಿಂದ ಇಪ್ಪತ್ತೆಂಟು ಗಂಟೆ ಎಂದು ಇಟ್ಟುಕೊಳ್ಳಿ.

ಭೂಮಿ ತಿರುಗುತ್ತಿದೆಯಲ್ಲ. ವಿಮಾನ ಮೇಲೇರಿ ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬರುವುದಿಲ್ಲವೇ?

ನಮ್ಮ ಅಪಾರ್ಟ್‌ಮೆಂಟಿನ ಐದನೇ ಕ್ಲಾಸಿನ ಹುಡುಗ ಕೇಳಿದ್ದು. ಅವನಪ್ಪನೂ ಕಿವಿ ನಿಮಿರಿಸಿ ನಿಂತಿದ್ದರು ಎಂದಮೇಲೆ ಅನುಮಾನ ಒಬ್ಬರದಲ್ಲ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,625 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಆದರೆ ಅದರ ಮೇಲಿನ ಗಾಳಿಯೂ, ಆ ಗಾಳಿಯಲ್ಲಿ ತೇಲುವ ವಿಮಾನವೂ ಜೊತೆಯಲ್ಲೇ ಓಡುತ್ತಿವೆ. ಓಡುವ ರೈಲಿನೊಳಗೆ ಕಡಲೆಕಾಯಿ ಮೇಲಕ್ಕೆ ಎಸೆದರೆ ಅದು ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲ.

ಶನಿವಾರ ರಾತ್ರಿ ಅಲ್ಲಿಂದ ಹೊರಟೆ, ಸೋಮವಾರ ಬೆಳಗಿನ ಜಾವ ಇಳಿದೆ. ಭಾನುವಾರ ಎಲ್ಲಿ ಹೋಯಿತು?

ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ.

ಚಳಿಗಾಲದ ಲೆಕ್ಕ ತೆಗೆದುಕೊಳ್ಳಿ. ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ 6.30, ಅಲ್ಲಿ ಅದೇ ದಿನದ ಸಂಜೆ 5. ಊಟ ಮಾಡಿ ಹೊರಟವರು ಅದೇ ದಿನ ಸಂಜೆ ಕಾಫಿಗೆ ಅಲ್ಲಿ! ಆದರೆ ವಾಪಸು ಬರುವಾಗ ಲೇವಾದೇವಿ ಚುಕ್ತಾ ಆಗಲೇಬೇಕು. ಶನಿವಾರ ರಾತ್ರಿ 8.30ಕ್ಕೆ ಅಲ್ಲಿ ಏರಿದಾಗ ಇಲ್ಲಿ ಆಗಲೇ ಭಾನುವಾರ ಬೆಳಿಗ್ಗೆ 10. ಹದಿನೇಳು-ಹದಿನೆಂಟು ಗಂಟೆ ಸೇರಿಸಿದರೆ ಸೋಮವಾರ ನಸುಕು. ಭಾನುವಾರ ಪೂರ್ತಿ ಗಾಳಿಯಲ್ಲೇ ಕಳೆಯಿತು. ನಮ್ಮಮ್ಮ ವಾಪಸು ಬಂದಾಗ ನುಂಗಿಹೋದ ದಿನ ಏಕಾದಶಿ. ಉಪವಾಸ ಮಾಡಿದ ಹಾಗೋ ಬಿಟ್ಟ ಹಾಗೋ ಎಂದು ಪುರೋಹಿತರನ್ನೇ ಕೇಳಿದರು. "ವಿಮಾನದಲ್ಲಿ ಕೊಟ್ಟಿದ್ದು ತಿಂದಿರಾ?" ಅಂದರು ಅವರು. "ಬಾಯಿಗೆ ಇಡಲಿಕ್ಕಾಗಲಿಲ್ಲ" ಅಂದರು ಅಮ್ಮ. "ಸರಿ ಬಿಡಿ, ಆಯಿತು" ಎಂದುಬಿಟ್ಟರು.

ಯಾವ ಊರಿನ ಮೇಲೆ ಹೋದರೆ ಸುತ್ತು ಕಡಿಮೆ?

ಟಿಕೆಟ್ ಕೊಳ್ಳುವವರು ದುಡ್ಡು ನೋಡುತ್ತಾರೆ, ಕಾಯುವ ಸಮಯ ನೋಡುತ್ತಾರೆ. ದೂರ ನೋಡುವವರು ಕಡಿಮೆ. ನೋಡಿದರೆ ಒಳ್ಳೆ ತಮಾಷೆ ಇದೆ. ಎರಡೂ ಹಂತಗಳ ಅತಿ ಹತ್ತಿರದ ದಾರಿ ಕೂಡಿಸಿದ ಅಂದಾಜು ಇಲ್ಲಿದೆ:

ದಿಲ್ಲಿ ಮೇಲೆ: 1,700 + 12,380 = 14,080 ಕಿ.ಮೀ.
ಟೋಕಿಯೋ ನರಿತಾ ಮೇಲೆ: 6,700 + 8,230 = 14,930
ದುಬೈ ಮೇಲೆ: 2,700 + 13,040 = 15,740
ಫ್ರಾಂಕ್‌ಫರ್ಟ್ ಮೇಲೆ: 7,400 + 9,150 = 16,550
ಸಿಂಗಪುರ ಮೇಲೆ: 3,180 + 13,590 = 16,770

ದಿಲ್ಲಿಯ ಸಾಲು ಇನ್ನೊಮ್ಮೆ ನೋಡಿ. ದಿಲ್ಲಿಗೆ ಹೋಗಿ ಹೋಗುವುದು ಎಂದರೆ ದೊಡ್ಡ ಸುತ್ತು ಎಂದು ನಮಗೆಲ್ಲ ಅನ್ನಿಸುತ್ತದೆ. ನೂರು ಕಿಲೋಮೀಟರ್ ಕೂಡ ಹೆಚ್ಚಿಲ್ಲ! ದಿಲ್ಲಿ ಬೆಂಗಳೂರಿನ ನೆತ್ತಿಯ ಮೇಲೆ ನೇರ ಉತ್ತರಕ್ಕಿದೆ. ಕ್ಯಾಲಿಫೋರ್ನಿಯಾದ ದಾರಿಯೂ ಮೊದಲಿಗೆ ಉತ್ತರಕ್ಕೇ. ಸಿಂಗಪುರ ಮಾತ್ರ ದಕ್ಷಿಣಕ್ಕೆ ಎಳೆದುಕೊಂಡು ಹೋಗಿ ಮತ್ತೆ ಮೇಲಕ್ಕೆ ಹತ್ತಿಸುತ್ತದೆ. ಸುತ್ತು ಹೆಚ್ಚು ಎಂದ ಮಾತ್ರಕ್ಕೆ ಅದು ಕೆಟ್ಟ ದಾರಿ ಅಲ್ಲ. ವಯಸ್ಸಾದವರು, ಮಂಡಿನೋವಿನವರು ನಡುವೆ ನಾಲ್ಕು ಗಂಟೆ ಇಳಿದು ನಡೆದಾಡಿದರೆ ಕಾಲು ಊದುವುದು ತಪ್ಪುತ್ತದೆ. ಹದಿನಾರು ಗಂಟೆ ಒಂದೇ ಕುರ್ಚಿಯಲ್ಲಿ ಕೂರಲು ಎಲ್ಲರ ಮೈಯೂ ಒಪ್ಪುವುದಿಲ್ಲ.

ವೇಳಾಪಟ್ಟಿಗಳು ಬದಲಾಗುತ್ತಲೇ ಇರುತ್ತವೆ, ನಾನ್‌ಸ್ಟಾಪ್ ಸೇವೆಗಳು ಬರುತ್ತವೆ, ಹೋಗುತ್ತವೆ. ನೀವು ಹೊರಡುವ ತಿಂಗಳಿಗೆ ಏನಿದೆ ಎಂದು ವಿಮಾನ ಸಂಸ್ಥೆಯ ತಾಣದಲ್ಲೇ ನೋಡಿ.

ಏಜೆಂಟ್ "ಡೈರೆಕ್ಟ್ ಫ್ಲೈಟ್" ಅಂದರು. ಅಂದರೆ ಎಲ್ಲೂ ನಿಲ್ಲುವುದಿಲ್ಲ ತಾನೇ?

ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ, ಕೇಳಿ. ವಿಮಾನಯಾನದ ಭಾಷೆಯಲ್ಲಿ ಡೈರೆಕ್ಟ್ ಎಂದರೆ ಫ್ಲೈಟ್ ನಂಬರ್ ಒಂದೇ ಎಂದು ಅರ್ಥ. ನಡುವೆ ಇಳಿಯಬಹುದು, ಕೆಲವೊಮ್ಮೆ ವಿಮಾನವನ್ನೇ ಬದಲಿಸಬಹುದು. ಎಲ್ಲೂ ಇಳಿಯದೆ ಹೋಗುವುದು ನಾನ್‌ಸ್ಟಾಪ್. ಕನ್ನಡದಲ್ಲಿ ನಾವು ಎರಡಕ್ಕೂ "ನೇರ" ಎಂದುಬಿಡುತ್ತೇವೆ. ನಮ್ಮ ಬಡಾವಣೆಯ ಒಬ್ಬ ಏಜೆಂಟ್ ಅಪ್ಪನಿಗೆ "ಡೈರೆಕ್ಟ್ ಸಾರ್, ಹತ್ತಿದರೆ ಅಲ್ಲೇ ಇಳಿಯೋದು" ಎಂದು ಟಿಕೆಟ್ ಮಾಡಿಸಿಕೊಟ್ಟರು. ನಡುವೆ ವಿಮಾನ ಇಳಿದಾಗ ಅಪ್ಪ ಬಂತು ಎಂದುಕೊಂಡು ಕೈಚೀಲ ಇಳಿಸಿ, ಸ್ವೆಟರ್ ಹಾಕಿಕೊಂಡು, ಬಾಗಿಲ ಬಳಿ ಹೋಗಿ ನಿಂತಿದ್ದರಂತೆ. "ಎಷ್ಟು ಸ್ಟಾಪ್?" ಎಂದು ಕೇಳಿ. "ಡೈರೆಕ್ಟಾ?" ಎಂದು ಕೇಳಬೇಡಿ.

ಅಷ್ಟು ದೂರಕ್ಕೆ ಒಂದೇ ಸಲ ತುಂಬಿದ ಇಂಧನ ಸಾಲುತ್ತದೆಯೇ?

ಸಾಲುತ್ತದೆ, ಆದರೆ ಎಲ್ಲ ವಿಮಾನಗಳಿಗೂ ಅಲ್ಲ. 777-200 ಎಲ್ಆರ್‌ನ ಟ್ಯಾಂಕುಗಳಲ್ಲಿ ಸುಮಾರು 1,81,000 ಲೀಟರ್ ಹಿಡಿಸುತ್ತದೆ. ತೂಕ ಸುಮಾರು 145 ಟನ್. ವಿಮಾನ ಮೇಲೇರುವಾಗಿನ ಗರಿಷ್ಠ ತೂಕ 347 ಟನ್. ಅಂದರೆ ತೂಕದ ಐದರಲ್ಲಿ ಎರಡು ಪಾಲು ಬರೀ ಇಂಧನ! ಮೊದಲ ಕೆಲವು ಗಂಟೆ ವಿಮಾನ ಮುಖ್ಯವಾಗಿ ಹೊರುವುದು ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನೇ, ಬುತ್ತಿ ಹೊರಲು ಇನ್ನೊಂದು ಬುತ್ತಿ ತಿಂದ ಹಾಗೆ. ಇದೇ ಮಾದರಿಯ ವಿಮಾನ 2005ರ ನವೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಪೂರ್ವಕ್ಕೆ ಹೊರಟು, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ದಾಟಿ ಲಂಡನ್ ತಲುಪಿತ್ತು. 21,602 ಕಿ.ಮೀ., 22 ಗಂಟೆ 42 ನಿಮಿಷ. ಅದು ದಾಖಲೆಗೆಂದು ಹಾರಿಸಿದ್ದು, ಟಿಕೆಟ್ ಮಾರಿದ್ದಲ್ಲ.

ಇನ್ನೊಂದು ಸೂಕ್ಷ್ಮ ನಮ್ಮ ಊರಿನದು. ದೇವನಹಳ್ಳಿ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ ಕೊಲ್ಲಿಯ ನೀರಿಗೆ ಅಂಟಿಕೊಂಡಿದೆ. ಎತ್ತರದಲ್ಲಿ, ಅದರಲ್ಲೂ ಬಿಸಿಲಿನ ಹೊತ್ತಲ್ಲಿ ಗಾಳಿ ತೆಳು; ರೆಕ್ಕೆಗೂ ಎಂಜಿನ್‌ಗೂ ಹಿಡಿತ ಕಡಿಮೆ. ಅಷ್ಟು ತೂಕ ಹೊತ್ತು ಮೇಲೇಳಲು ವಿಮಾನ ಹೆಚ್ಚು ದೂರ ಓಡಬೇಕು. ಇಲ್ಲಿನ ರನ್‌ವೇಗಳು ನಾಲ್ಕು ಕಿ.ಮೀ. ಉದ್ದ ಇರುವುದು ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ.

ನಡುದಾರಿಯಲ್ಲಿ ಎಂಜಿನ್ ಕೈಕೊಟ್ಟರೆ?

ಎರಡೇ ಎಂಜಿನ್ ಇರುವ ವಿಮಾನ, ಒಂದು ನಿಂತರೂ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ತಲುಪುವಂಥ ದಾರಿಯಲ್ಲೇ ಹಾರಬೇಕು ಎಂಬ ನಿಯಮವಿದೆ. 777 ಮಾದರಿಗೆ ಇದು 330 ನಿಮಿಷದವರೆಗೆ ಸಿಗಬಲ್ಲದು. ಆದ್ದರಿಂದ ನಡುವೆ ಎಲ್ಲೆಲ್ಲಿ ಇಳಿಯಬಹುದು ಎಂಬ ಪಟ್ಟಿ ಹೊರಡುವ ಮುಂಚೆಯೇ ತಯಾರಿರುತ್ತದೆ.

2023ರ ಜೂನ್‌ನಲ್ಲಿ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನಕ್ಕೆ ಎಂಜಿನ್ ತೊಂದರೆ ಬಂದು ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಬೇಕಾಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಸುರಕ್ಷಿತವಾಗಿ ಇಳಿದರು, ಕಷ್ಟ ಶುರುವಾಗಿದ್ದು ಆಮೇಲೆ. ಊರು ಚಿಕ್ಕದು, ಭಾಷೆ ಬಾರದು, ಹೋಟೆಲ್ ಸಾಲದೆ ತಾತ್ಕಾಲಿಕ ಜಾಗಗಳಲ್ಲಿ ಮಲಗಿದರು. ಮುಂಬೈನಿಂದ ಇನ್ನೊಂದು ವಿಮಾನ ಹೋಗಿ ಕರೆದೊಯ್ಯುವವರೆಗೆ ಅಲ್ಲೇ. ಅಂದಿನಿಂದ ನಾನು ಮನೆಯವರಿಗೆ ಹೇಳುವುದು ಒಂದೇ: ಬಿಪಿ, ಸಕ್ಕರೆ ಮಾತ್ರೆ ಮೂರು ದಿನಕ್ಕಾಗುವಷ್ಟು ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ.

ವಿಮಾನ ಹನ್ನೊಂದು ಕಿ.ಮೀ. ಮೇಲೆ ಹಾರುತ್ತದಲ್ಲ, ಅದರಿಂದ ದೂರ ಹೆಚ್ಚಾಗುವುದಿಲ್ಲವೇ?

ಆಗುತ್ತದೆ, ಇಡೀ ದಾರಿಗೆ 24 ಕಿ.ಮೀ. ಮಾತ್ರ. ಉಲ್ಟಾ ಕೇಳಿದರೆ ಇನ್ನೂ ಚೆಂದ: ನೆಲದೊಳಗೆ ನೇರ ಸುರಂಗ ಕೊರೆದರೆ? ಸುಮಾರು 11,340 ಕಿ.ಮೀ.

ನಾಟಿಕಲ್ ಮೈಲಿ ಅಂದರೇನು?

1.852 ಕಿ.ಮೀ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಅದರಲ್ಲೊಂದು. ಹಡಗಿನವರಿಂದ ಬಂದದ್ದು.

ಈ ದೂರವನ್ನು ಮನೆಯಲ್ಲೇ ಲೆಕ್ಕ ಹಾಕಬಹುದೇ?

ಪಿಯುಸಿ ಗಣಿತ ಸಾಕು, ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿ. ಎರಡೂ ಊರಿನ ಅಕ್ಷಾಂಶಗಳ ಸೈನ್ ಗುಣಿಸಿ: 13.2 ಮತ್ತು 37.6 ಡಿಗ್ರಿಗೆ ಅದು 0.139. ಆಮೇಲೆ ಎರಡೂ ಅಕ್ಷಾಂಶಗಳ ಕೊಸೈನ್ ಗುಣಿಸಿ, ಅದನ್ನು ರೇಖಾಂಶಗಳ ಅಂತರ 160 ಡಿಗ್ರಿಯ ಕೊಸೈನ್‌ನಿಂದ ಗುಣಿಸಿ: ಮೈನಸ್ 0.724. ಕೂಡಿದರೆ ಮೈನಸ್ 0.585. ಯಾವ ಕೋನದ ಕೊಸೈನ್ ಇದು? 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿ: 13,989. ರೇಖಾಂಶ ಒಂದು ಪೂರ್ವ, ಒಂದು ಪಶ್ಚಿಮ ಆಗಿದ್ದರೆ ಕೂಡಿಸಬೇಕು, ಕಳೆಯಬಾರದು. ಕೂಡಿದ್ದು 180 ದಾಟಿದರೆ 360ರಿಂದ ಕಳೆಯಿರಿ. ನಾನು ಮೊದಲ ಸಲ ಕೂಡಿಸುವ ಬದಲು ಕಳೆದು, ಅಮೆರಿಕವನ್ನು ಐದು ಸಾವಿರ ಕಿ.ಮೀ.ಗೆ ತಂದು ನಿಲ್ಲಿಸಿದ್ದೆ.

ಇದಕ್ಕಿಂತ ದೂರ ಹಾರುವ ವಿಮಾನ ಇದೆಯೇ?

ಇದೆ. ಸಿಂಗಪುರ–ನ್ಯೂಯಾರ್ಕ್ ಸುಮಾರು 15,350 ಕಿ.ಮೀ., ಸಿಂಗಪುರ್ ಏರ್‌ಲೈನ್ಸ್ ಏರ್‌ಬಸ್ ಎ350ರಲ್ಲಿ ಹದಿನೆಂಟು ಗಂಟೆಗೂ ಹೆಚ್ಚು ಹಾರಿಸುತ್ತದೆ. ಸಿಡ್ನಿಯಿಂದ ಲಂಡನ್‌ಗೆ ಸುಮಾರು 17,000 ಕಿ.ಮೀ. ನಾನ್‌ಸ್ಟಾಪ್ ಹಾರಿಸಲು ಕ್ವಾಂಟಸ್ ವಿಶೇಷ ವಿಮಾನಗಳನ್ನೇ ಮಾಡಿಸುತ್ತಿದೆ. ಭೂಮಿಯ ಮೇಲೆ ಯಾವ ಎರಡು ಜಾಗಗಳ ನಡುವೆಯೂ ಅತಿ ಹತ್ತಿರದ ದಾರಿ 20,000 ಕಿ.ಮೀ. ಚಿಲ್ಲರೆಗಿಂತ ಹೆಚ್ಚಿರಲು ಸಾಧ್ಯವಿಲ್ಲ. ಬೆಂಗಳೂರಿಗೆ ಆ ಕೊನೆಯ ಬಿಂದು ಪೆರು ದೇಶದ ಪಶ್ಚಿಮಕ್ಕೆ, ಪೆಸಿಫಿಕ್ ನಡುನೀರಲ್ಲಿದೆ. ಅಲ್ಲಿಗೆ ಯಾವ ಟಿಕೆಟ್ಟೂ ಇಲ್ಲ.

ನಮ್ಮ ಅಜ್ಜಿಗೆ ಕಿಲೋಮೀಟರ್ ತಿಳಿಯುವುದಿಲ್ಲ. ಹರಿದಾರಿಯಲ್ಲಿ ಹೇಳಿ.

ಹರಿದಾರಿಗೆ ಮೂರು ಮೈಲಿ ಎಂದು ಹಿಡಿದರೆ 2,900 ಹರಿದಾರಿ. ಇದನ್ನು ನಮ್ಮಜ್ಜಿಗೂ ಹೇಳಿದ್ದೆ. ಜಾತ್ರೆಗೆ ದಿನಕ್ಕೆ ಐದು ಹರಿದಾರಿ ನಡೆದು ರೂಢಿಯಿದ್ದವರು ಬೆರಳು ಮಡಚಿ ಎಣಿಸಿ, "ಹೋಗೋದ್ರೊಳಗೆ ಮಗೂಗೆ ಹಲ್ಲು ಬಂದಿರುತ್ತೆ" ಅಂದರು. 580 ದಿನ, ಹಲ್ಲೇನು, ಮಾತೂ ಬಂದಿರುತ್ತಿತ್ತು.